ಎರಡನೇದು ಛಲೋ ಐತ್ರಿ

ನನ್ನ ತಂಗಿಯ ಕೆಲಸವನ್ನು ಮಷೀನು ತಿಂದಿತು ಎಂದು ನಮ್ಮ ಓಣಿಯವರು ಮಾತಾಡಿಕೊಳ್ಳುತ್ತಾರೆ. ಅವಳೂ ಬಹಳ ದಿನ ಹಾಗೆಯೇ ತಿಳಿದಿದ್ದಳು. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಬರೆಯಲು ಕುಳಿತಿದ್ದೇನೆ. ನನ್ನ ಓದು ಏಳನೆಯ ಇಯತ್ತೆಗೆ ನಿಂತಿತು. ಯಾರೂ ಬಿಡಿಸಲಿಲ್ಲ, ಶಾಲೆ ನನಗೆ ಹತ್ತಲಿಲ್ಲ, ಅಷ್ಟೇ. ದಿನಪತ್ರಿಕೆ ಓದುವ ಚಟ ಇದ್ದುದರಿಂದ ಅಕ್ಷರ ಮರೆತಿಲ್ಲ.

ನಾವು ಸುಳ್ಳ ಎಂಬ ಹಳ್ಳಿಯವರು. ಅಪ್ಪ, ಅವ್ವ ತೀರಿಹೋದ ಮೇಲೆ ನಾನೂ ತಂಗಿಯೂ ನವನಗರದಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದೆವು. ನಾನು ಮದುವೆಯಾಗಲಿಲ್ಲ. ಅವಳಿಗೆ ನೋಡಿದ ಸಂಬಂಧಗಳು ಕೂಡಿಬರಲಿಲ್ಲ, ಆಮೇಲೆ ಅವಳೇ ಸಾಕು ಅಂದಳು. ಅವಳು ಬಿ.ಕಾಂ. ಮುಗಿಸಿ ಗೋಕುಲ ರಸ್ತೆಯ ಕಡೆಗಿರುವ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದಳು. ರೈತರ ಮಾಲು ಮಾರಿಸಿಕೊಡುವ ಅಡತ್ ಅಂಗಡಿ, ಬೀಜ-ಗೊಬ್ಬರದ ಅಂಗಡಿಗಳಲ್ಲಿ ಬಿಲ್ ಮಾಡಲು, ದಾಸ್ತಾನು ನೋಡಲು ಬೇಕಾಗುವ ಪ್ರೋಗ್ರಾಮುಗಳು ಅಲ್ಲಿ ತಯಾರಾಗುತ್ತವೆ. ನಾನು ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿದ್ದೆ. ಮಿಲ್ಲು ಮುಚ್ಚಿತು, ಮನೆಯಲ್ಲಿ ಕುಳಿತೆ. ಅವಳೇ ನನ್ನನ್ನು ತನ್ನ ಕಂಪನಿಯಲ್ಲಿ ಚಹಾ ಮಾಡುವ ಕೆಲಸಕ್ಕೆ ಹಚ್ಚಿದಳು.

ಆ ಕಂಪನಿಯಲ್ಲಿ ಒಂದೇ ಮನೆಯವರು ಇಬ್ಬರು ಇರುವ ಹಾಗಿರಲಿಲ್ಲ. ಹಿಂದೆ ಯಾವಾಗಲೋ ಅಲ್ಲಿದ್ದ ಭಾವ-ಮೈದುನರು ಮನೆಯ ಜಗಳವನ್ನು ಆಫೀಸಿಗೆ ತಂದು ಕುರ್ಚಿ ಎತ್ತಿ ಬಡಿದಾಡಿದ್ದರಂತೆ. ಅಂದಿನಿಂದ ಮಾಲಕರು ಆ ನಿಯಮ ಮಾಡಿದ್ದರು. ಹಾಗಾಗಿ ತಂಗಿ ಅವರ ಮುಂದೆ ‘ನಮ್ಮ ಓಣ್ಯಾವ್ರು ರೀ, ಕೈ ಸ್ವಚ್ಛ’ ಎಂದಷ್ಟೇ ಹೇಳಿದ್ದಳು.

ದಿನಾ ಬೆಳಿಗ್ಗೆ ಅವಳ ಸ್ಕೂಟರಿನ ಹಿಂದೆ ನಾನು ಕೂರುತ್ತಿದ್ದೆ. ಕಂಪನಿಯ ತಿರುವಿಗಿಂತ ಮೊದಲು ಒಂದು ಟೈರಿನ ಅಂಗಡಿ ಇದೆ. ಅಲ್ಲಿ ನನ್ನನ್ನು ಇಳಿಸಿ ಅವಳು ಮುಂದೆ ಹೋಗುತ್ತಿದ್ದಳು, ನಾನು ನಡೆದು ಹೋಗುತ್ತಿದ್ದೆ. ಮೊದಲ ದಿನವೇ ಪಾಠ ಹೇಳಿಕೊಟ್ಟಿದ್ದಳು.

‘ಅಲ್ಲಿ ನೀ ನನಗ ಅಣ್ಣ ಅಲ್ಲ ಮತ್ತ. ಎಲ್ಲಾರೂ ಕಾಕಾ ಅಂತಾರ, ನಾನೂ ಕಾಕಾ ಅಂತೇನಿ. ನಗಬ್ಯಾಡ.’

‘ಕಾಕಾ ಅನ್ನಾಕ ನಾ ಅಷ್ಟ ಮುದುಕ ಆಗೇನೇನು?’

‘ಕನ್ನಡಿ ನೋಡ್ಕೊ.’

ಅವತ್ತು ಚಹಾ ಒಯ್ದಾಗ ಅವಳು ‘ಕಾಕಾ, ನನಗ ಅರ್ಧ ಸಾಕ್ರಿ’ ಅಂದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ನನಗೆ ನಗೆ ಬರಬೇಕಿತ್ತು, ಬರಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಅವಳದು ಫೋನಿನ ಕೆಲಸ. ಅಂಗಡಿಯವರು ಫೋನ್ ಮಾಡಿ ಬಿಲ್ ಬರವಲ್ದು, ತೂಕ ತಪ್ಪು ತೋರಸಾಕತ್ತೈತಿ ಎಂದು ಒದರುತ್ತಿದ್ದರು. ಅವಳು, ಅವಳ ಜೊತೆಗೆ ಇನ್ನೂ ಕೆಲವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಉತ್ತರ ಹೇಳುತ್ತಿದ್ದರು. ತಂಗಿ ಉತ್ತರ ಹೇಳುವ ಮೊದಲು ಪ್ರತಿಸಲ ‘ಅಂಗಡ್ಯಾಗ ಗದ್ದಲ ಐತೇನ್ರಿ?’ ಎಂದು ಕೇಳುತ್ತಿದ್ದಳು. ಗದ್ದಲ ಇದ್ದರೆ, ‘ಈಗ ಕೈಲೆ ಬಿಲ್ ಬರದು ಕೊಟ್ಟು ಗಿರಾಕಿ ಕಳಸ್ರಿ, ಮಧ್ಯಾಹ್ನ ನಾನ ಫೋನ್ ಮಾಡ್ತೇನಿ’ ಅನ್ನುತ್ತಿದ್ದಳು. ಮಧ್ಯಾಹ್ನ ಮಾಡಿಯೇ ಮಾಡುತ್ತಿದ್ದಳು. ಆಗ ‘ಊಟ ಆತೇನ್ರಿ?’ ಎಂಬಲ್ಲಿಂದ ಮಾತು ಶುರು. ಮಳೆ, ಸಂತೆ, ಅವರ ಮಗಳ ಬಾಣಂತನ ಎಲ್ಲ ಆಗಿ ಕೊನೆಗೆ ಯಾವ ಗುಂಡಿ ಒತ್ತಬೇಕು ಎಂಬುದು ಬರುತ್ತಿತ್ತು.

ಕಪ್ಪು ಎತ್ತಿಡುವ ನೆವದಲ್ಲಿ ನಾನು ಅಲ್ಲಿ ನಿಂತು ಕೇಳುತ್ತಿದ್ದೆ. ಮನೆಯಲ್ಲಿ ಅವಳು ಅಷ್ಟು ಮಾತಾಡುತ್ತಿರಲಿಲ್ಲ. ದಿನವೆಲ್ಲ ಮಾತಾಡಿ ಗಂಟಲು ಬಿದ್ದುಹೋಗಿರುತ್ತಿತ್ತು. ತಾಟು ನನ್ನ ಮುಂದಿಟ್ಟು ಮೊಬೈಲು ನೋಡುತ್ತ ಊಟ ಮಾಡುವಳು. ನಾನು ಏನಾದರೂ ಕೇಳಿದರೆ ಹೂಂ ಅಥವಾ ಉಹೂಂ. ಅದು ದಣಿವು ಎಂದು ನನಗೆ ಗೊತ್ತಿತ್ತು.

ಆ ಆಫೀಸಿನಲ್ಲಿ ಆಗ ಒಂದು ಪದ್ಧತಿ ಇತ್ತು. ಪ್ರೋಗ್ರಾಮು ಬರೆಯುವವರಲ್ಲಿ ಯಾರದಾದರೂ ತಪ್ಪಿನಿಂದ ಅಂಗಡಿಗಳ ಬಿಲ್ಲು ನಿಂತರೆ, ತಪ್ಪು ಮಾಡಿದವರು ಸಂಜೆ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ಕೊಡಿಸಬೇಕು. ತಪ್ಪಿನ ಗಿರಮಿಟ್ಟು ಎಂದೇ ಅದರ ಹೆಸರು. ತಪ್ಪು ಮಾಡಿದವನು ಎದ್ದು ನಿಂತು ‘ನಂದ ರೀ ತಪ್ಪು’ ಅನ್ನಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಮೇಜಿನ ಮೇಲೆ ಪೇಪರು ಹಾಸಿ ಚುರಮುರಿ ಸುರಿದರೆ ಮಾಲಕರೂ ಬಂದು ಕೈ ಹಾಕುತ್ತಿದ್ದರು. ಬೇಕೆಂದೇ ಹುಡುಗರು ‘ಸರ್, ಬಾಳ ದಿನ ಆತು, ಯಾರರ ಏನರ ಕೆಡಸ್ರಿ’ ಅನ್ನುವರು.

ಒಮ್ಮೆ ಮಾಲಕರು ಬೆಂಗಳೂರಿನಿಂದ ಯಾವುದೋ ಸಭೆ ಮುಗಿಸಿ ಬಂದವರೇ ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ ನಿಲ್ಲಿಸಿದರು. ನಾನು ಟ್ರೇ ಹಿಡಿದು ಬಾಗಿಲಲ್ಲಿದ್ದೆ.

‘ಇನ್ನ ಮುಂದ ಏನ ಅಡಚಣಿ ಬಂದ್ರೂ ಮೊದಲ ಎಐಗೆ ಕೇಳ್ರಿ. ಅದಕ್ಕ ಗೊತ್ತಾಗಲಿಲ್ಲಂದ್ರ ಆಮ್ಯಾಲೆ ಬಾಜೂದವರಿಗೆ ಕೇಳ್ರಿ. ನಾವು ಬದಲಾಗಲಿಲ್ಲಂದ್ರ ನಮ್ಮ ಗಿರಾಕಿ ಬದಲಾಗ್ತಾರ,’ ಅಂದರು. ಮರುದಿನ ಗೋಡೆಗೆ ಒಂದು ಹಾಳೆ ಅಂಟಿಸಿದರು: ಮೊದಲು ಎಐಗೆ, ಆಮೇಲೆ ಮಂದಿಗೆ.

ಆಫೀಸು ಹಂತಹಂತವಾಗಿ ಶಾಂತವಾಯಿತು. ಮೊದಲು ಒಬ್ಬನ ಕಂಪ್ಯೂಟರಿನ ಮುಂದೆ ನಾಲ್ಕು ಜನ ಬಾಗಿ ನಿಂತು ಜಗಳಾಡುತ್ತಿದ್ದರು. ‘ಲೇ, ಇದನ್ನ ಯಾವ ಶಾಣ್ಯಾ ಬರದಾನ?’ ಎಂಬ ಮಾತು ದಿನಕ್ಕೊಮ್ಮೆಯಾದರೂ ಕೇಳಿಸುತ್ತಿತ್ತು. ಈಗ ಎಲ್ಲರೂ ತಮ್ಮ ತಮ್ಮ ಪರದೆಗೆ ಬರೆದು ಕೇಳಿ, ಅಲ್ಲಿಂದಲೇ ಉತ್ತರ ಪಡೆದು ಸುಮ್ಮನೆ ಕೂರುತ್ತಿದ್ದರು. ಕೆಲಸ ಲಗೂ ಆಗುತ್ತಿದೆ ಎಂದು ಮಾಲಕರು ಸಂತೋಷವಾಗಿದ್ದರು. ಚಹಾಕ್ಕೆ ಯಾರೂ ಗುಂಪಾಗಿ ಬರುತ್ತಿರಲಿಲ್ಲ. ನಾನೇ ಒಬ್ಬೊಬ್ಬರ ಹತ್ತಿರ ಒಯ್ದು ಇಡುತ್ತಿದ್ದೆ. ಕಪ್ಪು ಎತ್ತಲು ಹೋದಾಗ ಅದು ಹಾಗೆಯೇ ಆರಿಹೋಗಿರುತ್ತಿತ್ತು.

ಆಮೇಲೆ ಒಂದು ದಿನ ಹೊಸ ಪ್ರೋಗ್ರಾಮಿನಿಂದ ಬಿಲ್ಲು ನಿಂತಿತು. ಮಾರುಕಟ್ಟೆಯ ದಿನ, ಬೆಳಗಿನಿಂದ ಫೋನು ಒಂದೇ ಸವನೆ. ತಂಗಿಯ ಸಾಲಿನವರು ಬೈಗುಳ ತಿಂದು ತಿಂದು ಸುಸ್ತಾದರು. ಮಧ್ಯಾಹ್ನದ ಹೊತ್ತಿಗೆ ಸರಿಯಾಯಿತು. ಸಂಜೆ ಯಾರೋ ಗಿರಮಿಟ್ಟಿನ ಮಾತು ತೆಗೆದರು.

‘ಯಾರದು ತಪ್ಪು?’

‘ನಾ ಬರದಿಲ್ಲಪಾ. ಎಐ ಬರೀತು.’

‘ಬರಿಯಾಕ ಹೇಳಿದವ ನೀ ಅಲ್ಲೇನು?’

‘ನಾ ಹೇಳಿದ್ದ ಬರೋಬರಿ ಇತ್ತು. ಚೆಕ್ ಮಾಡಿದಾಂವ ನೀ. ನೀ ಕೊಡಸು.’

‘ಚೆಕ್ ಮಾಡಾಕೂ ಅದಕ್ಕ ಹೇಳಿದ್ನೋ ಮಾರಾಯಾ.’

‘ಹಂಗಾರ ಎಐನ ಕೊಡಸ್ಲಿ ಬಿಡ್ರಿ,’ ಎಂದು ತಂಗಿ ತನ್ನ ಕುರ್ಚಿಯಿಂದ ಅಂದಳು. ಎಲ್ಲರೂ ನಕ್ಕರು. ಆದರೆ ಯಾರೂ ಎದ್ದು ನಿಲ್ಲಲಿಲ್ಲ. ನಾನು ಪೇಪರು ಹಾಸಿಟ್ಟಿದ್ದೆ, ಮಡಚಿ ತೆಗೆದೆ. ಆ ಪದ್ಧತಿ ಅಲ್ಲಿಗೆ ನಿಂತಿತು.

ಫೋನಿನ ಸರದಿ ಆಮೇಲೆ ಬಂತು. ಧಾರವಾಡದ ಒಬ್ಬ ಇಂಜಿನಿಯರ್ ಹುಡುಗಿಯನ್ನು ಅದಕ್ಕೆಂದೇ ತೆಗೆದುಕೊಂಡಿದ್ದರು. ಚುರುಕಾದ ಹುಡುಗಿ, ನಮ್ಮ ಮಾತಿನಲ್ಲೇ ಉತ್ತರ ಹೇಳುವ ಮಷೀನನ್ನು ಅವಳು ತಯಾರು ಮಾಡುತ್ತಿದ್ದಳು. ಮಾಲಕರು ಫೋನಿನ ಸಾಲಿನವರನ್ನು ಕರೆದು ಸುತ್ತಿ ಬಳಸಿ ಮಾತಾಡದೆ ಹೇಳಿದರು:

‘ಅದ ಪ್ರಶ್ನೆಗೆ ನಿಮ್ಮದೊಂದು ಉತ್ತರ, ಮಷೀನಿಂದೊಂದು ಉತ್ತರ. ಯಾವುದು ಯಾರದು ಅಂತ ಹೇಳದ ಮಂದಿಗೆ ಕೇಳಸ್ತೇವಿ. ನಿಮ್ಮದ ಛಲೋ ಅಂದ್ರ ಫೋನ್ ನಿಮ್ಮ ಕೈಯಾಗ ಇರ್ತೈತಿ. ಮಷೀನಿಂದು ಛಲೋ ಅಂದ್ರ ನಾ ಏನ್ ಮಾಡ್ಲಿ, ನೀವ ಹೇಳ್ರಿ.’

ಆವತ್ತು ಮನೆಗೆ ಬಂದ ಮೇಲೆ ತಂಗಿ ಎಂದಿಗಿಂತ ಹೆಚ್ಚು ಮಾತಾಡಿದಳು. ಬದನೆಕಾಯಿ ಹೆಚ್ಚುತ್ತ, ‘ಮಾರ್ಕೆಟ್ ಮಂದಿ ಮಷೀನ್ ಕೂಡ ಮಾತಾಡ್ತಾರಂತ ಅನಸ್ತೈತೇನು ನಿನಗ? ಬೈದು ಫೋನ್ ಇಡ್ತಾರ. ನನ್ನ ದನಿ ಕೇಳಿದ್ರ ಅರ್ಧ ಸಿಟ್ಟು ಇಳೀತೈತಿ ಅವರದು,’ ಅಂದಳು. ಹೆಮ್ಮೆ ಇತ್ತು. ಇರಬೇಕಾದದ್ದೇ.

ಮರುದಿನ ಆ ಇಂಜಿನಿಯರ್ ಹುಡುಗಿ ಚಹಾದ ಕೋಣೆಗೆ ಬಂದಳು. ‘ಕಾಕಾ, ನಿಮ್ಮಂಥವರ ಬೇಕಾಗಿತ್ತು ನೋಡ್ರಿ ನನಗ. ಕಂಪ್ಯೂಟರ್ ಗೊತ್ತಿಲ್ಲದ, ನಮ್ಮ ಭಾಷೆ ಗೊತ್ತಿದ್ದವರು. ಎರಡು ಉತ್ತರ ಕೇಳಸ್ತೇನಿ, ಯಾವುದು ಛಲೋ ಅನಸ್ತೈತಿ ಹೇಳ್ರಿ ಸಾಕು. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ.’

ವಾಚ್‌ಮನ್ನನಿಗೂ ಹೇಳಿದ್ದಳು, ಮಾರುಕಟ್ಟೆಯ ಕೆಲವರಿಗೂ ಹೇಳಿದ್ದಳು. ಫೋನಿನ ಸಾಲಿನಲ್ಲಿರುವವಳು ನನ್ನ ತಂಗಿ ಎಂದು ಅವಳಿಗೆ ಹೇಳಬೇಕಿತ್ತು. ಹೇಳಿದರೆ ಇಬ್ಬರ ಕೆಲಸಕ್ಕೂ ಕುತ್ತು. ಅದನ್ನು ಹೇಳದೆಯೂ ಒಲ್ಲೆ ಅನ್ನಬಹುದಿತ್ತು. ಆದರೆ ಯಾವುದು ಛಲೋ ಎಂದು ನನ್ನನ್ನು ಯಾರೂ ಹಿಂದೆಂದೂ ಕೇಳಿರಲಿಲ್ಲ. ಆತ್ರಿ ಅಂದೆ. ಮನೆಯಲ್ಲಿ ತಂಗಿಗೂ ಹೇಳಲಿಲ್ಲ.

ಗಾಜಿನ ಕೋಣೆಯಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದಳು. ಎಸಿ ಇತ್ತು. ನನಗೇ ಚಹಾ ತಂದುಕೊಟ್ಟಳು, ನಾನೇ ಮಾಡಿ ಇಟ್ಟಿದ್ದ ಚಹಾ. ಕಿವಿಗೆ ಹೆಡ್‌ಫೋನ್ ಹಾಕಿದಳು. ಎಲ್ಲ ಉತ್ತರಗಳೂ ಒಂದೇ ದನಿಯಲ್ಲಿದ್ದವು, ಯಾರದೂ ಅಲ್ಲದ ಒಂದು ಹೆಂಗಸಿನ ದನಿ. ದನಿಯಿಂದ ಗುರುತು ಸಿಗಬಾರದೆಂದು ಹಾಗೆ ಮಾಡಿದ್ದರು. ಯಾವುದು ಮೊದಲು ಬರುವುದು, ಯಾವುದು ಆಮೇಲೆ ಎಂಬುದೂ ಅದಲು ಬದಲು.

ಮೊದಮೊದಲು ಬೇರೆ ಯಾರದೋ ಉತ್ತರಗಳಿದ್ದವು, ಎರಡರಲ್ಲಿ ಚುಟುಕಾಗಿ ಇದ್ದದ್ದನ್ನು ತೋರಿಸಿದೆ. ಆಮೇಲೆ ಒಂದು ಪ್ರಶ್ನೆಗೆ ಮೊದಲನೆಯ ಉತ್ತರ ಶುರುವಾದದ್ದೇ ‘ಅಂಗಡ್ಯಾಗ ಗದ್ದಲ ಐತೇನ್ರಿ?’ ಎಂದು. ಗೊತ್ತಾಯಿತು. ಅಲ್ಲಿಯೇ ಹೆಡ್‌ಫೋನ್ ತೆಗೆದಿಟ್ಟು ಏಳಬೇಕಿತ್ತು. ಕೂತೇ ಇದ್ದೆ. ಎರಡನೆಯ ಉತ್ತರ ನೇರವಾಗಿ ವಿಷಯಕ್ಕೆ ಬಂತು, ಇಂಥಲ್ಲಿ ಒತ್ತಿರಿ, ಇದು ಬರುತ್ತದೆ, ಅದನ್ನು ತೆಗೆಯಿರಿ ಎಂದು ಹೇಳಿ ಮುಗಿಸಿತು.

‘ಯಾವುದು ಛಲೋ ಕಾಕಾ?’

ತಂಗಿಯದು ಎಂದರೆ ಮನೆಯವರ ಕಡೆ ವಾಲಿದಂತೆ ಆಗುತ್ತದೆ ಎಂದು ನನ್ನ ತಲೆಗೆ ಬಂತು. ನಾಳೆ ನಮ್ಮ ಸಂಬಂಧ ಗೊತ್ತಾದರೆ ಅಣ್ಣನೇ ಮಾರ್ಕು ಕೊಟ್ಟ ಅನ್ನುತ್ತಾರೆ.

‘ಎರಡನೇದು ಛಲೋ ಐತ್ರಿ,’ ಅಂದೆ.

ಅವಳದು ಮತ್ತೆ ಮತ್ತೆ ಬಂತು. ಕೆಲವು ಕಡೆ ಮಷೀನಿನದು ಖರೇನೇ ಚೆನ್ನಾಗಿತ್ತು. ಒಬ್ಬರು ತೇವ ಇರುವ ಮಾಲಿಗೆ ತೂಕದಲ್ಲಿ ಕಡಿತ ಹಿಡಿಯುವುದು ಹೇಗೆಂದು ಕೇಳಿದ್ದರು. ತಂಗಿ ತಡೀರಿ, ಕೇಳಿ ಹೇಳ್ತೇನಿ ಅಂದಿದ್ದಳು. ಮಷೀನು ಅಲ್ಲಿಯೇ ಹೇಳಿತ್ತು. ಕೆಲವು ಕಡೆ ತಂಗಿಯದೇ ಚೆನ್ನಾಗಿತ್ತು. ಅಲ್ಲಿಯೂ ನಾನು ಮಷೀನಿನದನ್ನೇ ತೋರಿಸಿದೆ.

ಮನೆಯವರ ಕಡೆ ವಾಲಬಾರದೆಂಬ ಭಯವೊಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗೊಬ್ಬರದ ಅಂಗಡಿಯ ಯಾರೋ ಒಬ್ಬರಿಗೆ ಅವಳು ಹೇಳಿದ ಉತ್ತರ ಬಂತು. ‘ಊಟ ಆತೇನ್ರಿ? ಮೊದಲ ಊಟ ಮಾಡ್ರಿ, ಬಿಲ್ ಎಲ್ಲಿ ಹೋಗ್ತೈತಿ.’ ಆ ಯಾರದೂ ಅಲ್ಲದ ದನಿಯಲ್ಲಿ ಅದನ್ನು ಕೇಳುತ್ತ, ಇದು ಮನೆಗೆ ಬರಬೇಕಾದ ಮಾತು, ದಾರಿಯಲ್ಲೇ ಹಂಚಿ ಹೋಗುತ್ತಿದೆ ಎಂದು ನನಗೆ ಅನಿಸಿತು. ನನ್ನನ್ನು ಅವಳು ಹಾಗೆ ಕೇಳಿ ವರ್ಷಗಳಾಗಿದ್ದವು. ಅಲ್ಲಿ ಅವಳಿಗೆ ನಾನು ಕಾಕಾ, ಮನೆಯಲ್ಲಿ ತಾಟಿನ ಮುಂದೆ ಕೂತ ಒಬ್ಬ ಮನುಷ್ಯ. ನನ್ನೊಳಗೆ ಎದ್ದದ್ದನ್ನು ಸಿಟ್ಟು ಎಂದು ಹೇಳಲಾರೆ. ತಣ್ಣಗೆ ಇತ್ತು. ‘ಇನ್ನೊಂದು ಛಲೋ ಐತ್ರಿ,’ ಅಂದೆ. ಅಂದ ಮೇಲೆ ಆರಿದ ಚಹಾ ಕುಡಿದೆ.

ಕೆಲವು ದಿನ ಬಿಟ್ಟು ಆ ಹುಡುಗಿ ನಗುತ್ತ ಚಹಾದ ಕೋಣೆಗೆ ಬಂದಳು.

‘ಕಾಕಾ, ನಿಮ್ಮಿಂದ ಉಳದ್ವಿ ನೋಡ್ರಿ. ಮಾರ್ಕೆಟ್ ಮಂದಿದ್ದಷ್ಟ ನೋಡಿದ್ರ ಫೋನಿನವರ ಉತ್ತರಾನ ತುಸು ಮುಂದ ಇದ್ವು. ವಾಚ್‌ಮನ್ ಕಾಕಾ ಎರಡೂ ಒಂದ ಅಂದ್ರು. ನೀವು ಎಲ್ಲಾದ್ರಾಗೂ ಮಷೀನಿಗೆ ಕೊಟ್ಟಿದ್ರಿ. ಕೂಡಿಸಿ ನೋಡಿದ್ರ ಕೂದಲೆಳಿ ಅಂತರದಾಗ ನಾವು ಮುಂದ.’

‘ಎಲ್ಲಾದ್ರಾಗೂ?’

‘ಎಲ್ಲಾದ್ರಾಗೂ ರೀ. ಒಂದೂ ಬಿಟ್ಟಿಲ್ಲ ನೀವು.’

ಎಲ್ಲಾದರಲ್ಲೂ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ತಂಗಿಯದಕ್ಕೂ ಹೇಳಿದ್ದೇನೆ ಎಂದೇ ನಾನು ತಿಳಿದಿದ್ದೆ. ಹಾಲು ಉಕ್ಕುತ್ತಿತ್ತು. ಗ್ಯಾಸು ಸಣ್ಣ ಮಾಡಿದೆ.

ಮಾಲಕರು ಸಭೆ ಕರೆದು, ‘ನಮ್ಮ ಮಂದಿನ ಮಷೀನ್ ಛಲೋ ಅಂದಾರ’ ಎಂದು ಹೇಳಿದರು. ಅವರು ಕೆಟ್ಟವರಲ್ಲ. ಯಾರನ್ನೂ ಅಂದೇ ತೆಗೆಯಲಿಲ್ಲ. ಫೋನಿನ ಸಾಲಿನ ಕೆಲವರನ್ನು ಮಾರಾಟದ ಕಡೆ ಹಾಕಿದರು, ಕೆಲವರು ತಾವೇ ಬಿಟ್ಟರು. ತಂಗಿಗೆ ಮಷೀನು ಕೊಟ್ಟ ಉತ್ತರಗಳನ್ನು ಓದಿ ಸರಿ ಅಥವಾ ತಪ್ಪು ಎಂದು ಒತ್ತುವ ಕೆಲಸ ಕೊಟ್ಟರು. ಅವಳ ಮೇಜಿನಿಂದ ಫೋನು ತೆಗೆದರು. ದಿನವೆಲ್ಲ ಅವಳು ಒಂದು ಮಾತೂ ಆಡದೆ ಕೂರುತ್ತಿದ್ದಳು. ಮನೆಗೆ ಬಂದಾಗ ಗಂಟಲು ಸ್ವಚ್ಛ ಇರುತ್ತಿತ್ತು, ಆದರೂ ಮಾತಿರಲಿಲ್ಲ.

ಆ ದಿನಗಳಲ್ಲಿ ಒಮ್ಮೆ ಮಾತ್ರ ಹೇಳಿದಳು. ‘ನಾ ಹಿಂದ ಫೋನಿನ್ಯಾಗ ಆಡಿದ ಮಾತೆಲ್ಲಾ ಅದಕ್ಕ ಕಲಿಸ್ಯಾರ. ಈಗ ಅದೂ ಅಂಗಡ್ಯಾಗ ಗದ್ದಲ ಐತೇನ್ರಿ ಅಂತ ಕೇಳಾಕತ್ತೈತಿ.’

‘ಹೌದಾ?’

‘ಛಲೋ ಕೇಳತೈತಿ. ನಾ ಸರಿ ಅಂತ ಒತ್ತಿದೆ.’

ಅದು ಕಲಿಯುತ್ತ ಹೋದಂತೆ ತಪ್ಪುಗಳು ಕಡಿಮೆಯಾದವು. ತಪ್ಪು ಕಡಿಮೆಯಾದ ಮೇಲೆ ತಪ್ಪು ಹುಡುಕುವವರು ಏಕೆ? ಮಾಲಕರು ತಂಗಿಯನ್ನು ಒಳಗೆ ಕರೆದು ಆ ತಿಂಗಳ ಕೊನೆಯವರೆಗೆ ಬನ್ನಿ ಅಂದರು. ಕೊನೆಯ ದಿನ ಕೇಕು ತರಿಸಿದ್ದರು. ಚಹಾ ನಾನೇ ಮಾಡಿದೆ. ಎಲ್ಲರಿಗೂ ಹೇಳಿ ಬಾಗಿಲ ಹತ್ತಿರ ಬಂದು ನನ್ನ ಮುಂದೆಯೂ ನಿಂತಳು.

‘ಕಾಕಾ, ಬರ್ತೇನ್ರಿ.’

‘ಹೂಂನ್ರಿ, ಛಲೋ ಆಗ್ಲಿ,’ ಅಂದೆ. ನಮ್ಮ ಹಿಂದೆ ನಿಂತವರಲ್ಲಿ ಯಾರೋ ಕಣ್ಣು ಒರೆಸಿಕೊಂಡರು. ನಾವಿಬ್ಬರೂ ಒರೆಸಿಕೊಳ್ಳಲಿಲ್ಲ.

ಸಂಜೆ ಟೈರಿನ ಅಂಗಡಿಯ ಮುಂದೆ ಅವಳು ಕಾಯುತ್ತಿದ್ದಳು. ಹಿಂದೆ ಕುಳಿತೆ. ಉಣಕಲ್ಲಿನ ಕೆರೆಯ ಹತ್ತಿರ ಬಂದಾಗ ಅವಳ ಹೆಲ್ಮೆಟ್ಟಿನ ಹಿಂಭಾಗಕ್ಕೆ ಹೇಳಿದೆ, ‘ಆ ಮಾರ್ಕು ನಾ ಕೊಟ್ಟಿದ್ದು.’

‘ಏನಂದಿ?’

ಪಕ್ಕದಲ್ಲಿ ಬಸ್ಸು ಹೋಯಿತು.

‘ಏನಿಲ್ಲ. ತಗ್ಗು ಐತಿ, ನೋಡಿ ಹೊಡಿ.’

ಮುಂದಿನ ಕೆಲವು ವಾರ ಅವಳು ಮನೆಯಲ್ಲಿದ್ದಳು. ಹಗಲಲ್ಲೇ ಮಲಗುತ್ತಿದ್ದಳು. ನಾನು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹೀಗಿರುವಾಗ ಅಮ್ಮಿನಬಾವಿಯಿಂದ ಒಂದು ಫೋನು ಬಂತು. ಅಲ್ಲಿಯ ಬೀಜ-ಗೊಬ್ಬರದ ಅಂಗಡಿಯವರು, ಫೋನಿನಲ್ಲೇ ಅವಳ ಪರಿಚಯ ಆದವರು. ಅವಳು ಕಂಪನಿ ಬಿಟ್ಟದ್ದು ತಿಳಿದು, ನಮ್ಮ ಅಂಗಡಿಯ ವ್ಯವಹಾರ ನೋಡಿಕೊಳ್ಳಲು ಬರ್ರಿ ಎಂದು ಕರೆದರು. ಅವಳು ನೋಡ್ತೇನ್ರಿ ಎಂದು ಫೋನಿಟ್ಟಳು. ರವಿವಾರ ಮುಂಜಾನೆ, ನಾವಿಬ್ಬರೂ ಅಕ್ಕಿ ಆರಿಸುತ್ತಿದ್ದೆವು.

‘ಹೋಗೂದಿಲ್ಲ ನಾ,’ ಅಂದಳು.

‘ಯಾಕ? ದೂರ ಆಕ್ಕೈತೇನು?’

‘ದೂರದ್ದಲ್ಲ. ಇಷ್ಟು ವರ್ಷ ಇವರೆಲ್ಲಾ ನನ್ನ ಕೂಡ ನಕ್ಕೋತ ಮಾತಾಡಿದ್ರು. ಹೇಳು ಅಂದಾಗ ಮಷೀನ್ ಛಲೋ ಅಂದ್ರು. ಮುಖದ ಮುಂದ ಒಂದು, ಹಿಂದೊಂದು. ಅವರ ಅಂಗಡ್ಯಾಗ ಹೋಗಿ ಹೆಂಗ ಕೂಡ್ಲಿ? ನನಗ ಬರತೈತಿ ಅಂತ ತಿಳದಿದ್ದ ಕೆಲಸ ನನಗ ಬರ್ತಿದ್ದಿಲ್ಲ, ಅಷ್ಟ.’

ಅವಳು ಅಳುತ್ತಿರಲಿಲ್ಲ. ಕಲ್ಲು ಹೆಕ್ಕಿ ಬದಿಗಿಡುತ್ತಿದ್ದಳು.

‘ಮಂದಿ ಹಂಗ ಅಂದಿಲ್ಲ,’ ಅಂದೆ.

‘ನಿನಗೇನ್ ಗೊತ್ತು?’

ಆಗ ಹೇಳಿದೆ. ಗಾಜಿನ ಕೋಣೆ, ಹೆಡ್‌ಫೋನು, ಗದ್ದಲ ಐತೇನ್ರಿ ಎಂದು ಕೇಳಿದ ಕೂಡಲೇ ಗುರುತು ಸಿಕ್ಕದ್ದು, ಆ ಹುಡುಗಿ ಆಮೇಲೆ ಬಂದು ಹೇಳಿದ್ದು. ಅವಳು ಕೈ ನಿಲ್ಲಿಸಿ ಕೇಳಿದಳು.

‘ಮಾರ್ಕೆಟ್ ಮಂದಿ ನನ್ನದ ಛಲೋ ಅಂದಿದ್ರು?’

‘ಹೂಂ.’

‘ನೀ ಬ್ಯಾಡ ಅಂದಿ.’

‘ಹೂಂ.’

‘ಕರದಾಗ ಕಿವಿ ಕೇಳಸೂದಿಲ್ಲ ನನಗ ಅಂತ ಒಂದು ಸುಳ್ಳು ಹೇಳಾಕ ಬರಲಿಲ್ಲೇನು?’

‘ಹೊಳೀಲಿಲ್ಲ.’

‘ದಿನಾ ಟೈರ್ ಅಂಗಡಿ ಮುಂದ ಇಳದು ಸುಳ್ಳು ನಡಕೋತ ಹೋಗಾಂವಗ ಅದೊಂದ ಹೊಳೀಲಿಲ್ಲ.’ ಮೊರವನ್ನು ಬದಿಗೆ ಸರಿಸಿದಳು. ಆಮೇಲೆ ಕೇಳಿದಳು, ‘ಖರೇ ಹೇಳು, ಅದು ನನಕಿಂತ ಛಲೋ ಇತ್ತೇನು?’

‘ಕೆಲವು ಕಡೆ ಇತ್ತು.’

‘ಎಲ್ಲಿ?’

ತೇವದ ತೂಕದ್ದು ಹೇಳಿದೆ. ತಲೆ ಅಲ್ಲಾಡಿಸಿದಳು. ‘ಹೌದು, ಅದು ನನಗ ಎಂದೂ ಹತ್ತಲಿಲ್ಲ,’ ಅಂದಳು.

‘ಉಳದದ್ದಕ್ಕ ಯಾಕ ಹಂಗ ಅಂದಿ?’ ಎಂದು ಅವಳೇ ಮತ್ತೆ ಕೇಳಿದಳು.

‘ಮನಿಯವರ ಕಡೆ ವಾಲಿದಂಗ ಆಗಬಾರದಂತ.’

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು. ಸಂಜೆ ಅಮ್ಮಿನಬಾವಿಗೆ ಫೋನ್ ಮಾಡಿ ಬರ್ತೇನ್ರಿ ಅಂದಳು. ಈಗ ಧಾರವಾಡದಲ್ಲಿ ಬಸ್ಸು ಬದಲಿಸಿ ಹೋಗಿ ಬರುತ್ತಾಳೆ. ಬಿಲ್ಲು ಮಾಡುತ್ತಾಳೆ, ಗೊಬ್ಬರ ಬಂದಾಗ ಇಳಿಸಿಕೊಳ್ಳುತ್ತಾಳೆ. ಮೊದಲಿಗಿಂತ ಕಡಿಮೆ ಕೆಲಸ, ಹೆಚ್ಚು ಧೂಳು.

ಅವಳಿಗೆ ಹೇಳಿದ ಮೇಲೆ ನನಗೆ ಹಗುರ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಮಾಲಕರಿಗೂ ಹೇಳಿದರೆ ಏನಾದರೂ ಆದೀತೆಂದು ಒಂದು ದಿನ ಚಹಾ ಕೊಟ್ಟು ಅಲ್ಲೇ ನಿಂತೆ. ಅವಳು ನನ್ನ ತಂಗಿ ಎಂದೆ. ಮಾರ್ಕಿನ ವಿಷಯ ಹೇಳಿದೆ. ಬೇಕಾದರೆ ನನ್ನನ್ನು ತೆಗೆದು ಅವಳನ್ನು ಕರೆಯಿರಿ ಎಂದೂ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ತಂಗಿ ಏನ್ರಿ ನಿಮಗ?’ ಅಂದರು. ‘ಆ ಮಷೀನ್ ಈಗ ಎಲ್ಲೈತ್ರಿ. ಅದನ್ನ ತಗದು ಹೊಸಾದು ತಂದೇವಿ, ಅದನ್ನೂ ಬದಲ ಮಾಡಿ ಮತ್ತೊಂದು. ನೀವು ಕೊಟ್ಟ ಮಾರ್ಕು ಯಾರ ಕಡೆ ಅದಾವು? ಆ ಹುಡುಗಿನೂ ಕೆಲಸ ಬಿಟ್ಟು ಹೋದ್ಲು. ನೀವು ಬ್ಯಾಡ ಅಂದಿದ್ರೂ ಮುಂದಿನ ಮಷೀನ್ ಬಂದಾಗ ಇದ ಆಗ್ತಿತ್ತು.’

‘ಆಗ್ತಿತ್ತು ರೀ,’ ಅಂದೆ. ‘ಆದ್ರ ಆದದ್ದು ನನ್ನಿಂದ.’

‘ಮನಸಿಗೆ ಹಚ್ಗೋಬ್ಯಾಡ್ರಿ,’ ಎಂದು ಅವರು ಪರದೆಯ ಕಡೆ ತಿರುಗಿದರು. ನಿಯಮ ಮುರಿದದ್ದರ ಬಗ್ಗೆ ಏನೂ ಅನ್ನಲಿಲ್ಲ. ಒಂದೇ ಮನೆಯವರು ಈಗ ಅಲ್ಲಿ ಇಬ್ಬರಿಲ್ಲ, ಅದಕ್ಕೇ ಇರಬಹುದು.

ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಕೂದಲಿಗೆ ಹತ್ತಿದ ಗೊಬ್ಬರದ ಧೂಳು ತೊಳೆದುಕೊಂಡು ಬಂದು ಕುಳಿತಿದ್ದಳು.

‘ಹುಚ್ಚನ ಅದಿ. ಬಾಡಿಗಿ ಯಾರ ಕಟ್ಟವ್ರು, ಅವರು ನಿನ್ನ ತಗದಿದ್ರ?’ ಅಂದಳು. ಆಮೇಲೆ ಮೆತ್ತಗೆ ಅಂದಳು, ‘ಇಷ್ಟ ದಿನ ನಿನ್ನ ಮ್ಯಾಲೆ ಸಿಟ್ಟಿತ್ತು. ಖರೇನ ಇತ್ತು. ಈಗ ಇಲ್ಲ ಬಿಡು. ನೀ ಅಪ್ಪನ ಹಂಗ. ಸತ್ಯವಂತ ಆಗಾಕ ಹೋಗಿ ಮನಿಯವರನ್ನ ಕೆಡಸ್ತಿ. ಹೌದಿಲ್ಲೋ?’

ನಾನು ಹೂಂ ಅಂದೆ.

ಅವಳು ನನ್ನನ್ನು ಕ್ಷಮಿಸಿದ್ದು ನನ್ನಲ್ಲಿ ಇಲ್ಲದ ಗುಣಕ್ಕೆ. ಮನೆಯವರ ಕಡೆ ವಾಲಬಾರದೆಂಬ ಭಯ ಮೊದಲಿನ ಒಂದೆರಡು ಉತ್ತರಗಳಿಗೆ ಇದ್ದಿರಬಹುದು. ಊಟ ಆತೇನ್ರಿ ಎಂಬ ಮಾತು ಬಂದ ಮೇಲೆ ನನ್ನೊಳಗೆ ಇದ್ದದ್ದು ಬೇರೆ. ಅಂಗಡಿಯವರಿಗೆ ಸಿಕ್ಕದ್ದು ನನಗೆ ಸಿಗಲಿಲ್ಲವೆಂದು ಅವರಿಗೂ ಸಿಗದಂತೆ ಮಾಡಿದೆ. ಅಕ್ಕಿ ಆರಿಸುವಾಗ ಅದನ್ನು ಹೇಳಲಿಲ್ಲ, ಮಾಲಕರ ಮುಂದೆ ಹೇಳಲಿಲ್ಲ, ಅವಳು ಅಪ್ಪನ ಹಂಗ ಅಂದಾಗಲೂ ಹೇಳಲಿಲ್ಲ. ಬಾಯಿಂದ ಬರುವುದಿಲ್ಲ ಎಂದು ಗೊತ್ತಾದ ಮೇಲೆ, ಆ ಹೂಂ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು, ಅವಳ ಕೈಗೆ ಕೊಡಲೆಂದು ಇಷ್ಟು ಬರೆದೆ. ಇವತ್ತು ಅಂಗಡಿಗೆ ಸೂಟಿ. ಅವಳು ಮನೆಯಲ್ಲೇ ಇದ್ದಾಳೆ.